ಶೇ 50ರ ಹಸಿರು ನೆರಳು ಪರದೆ: ಐದು ವರ್ಷ ಬಳಸಿದ ಮೇಲೆ

ಚಿತ್ರದುರ್ಗ ತಾಲ್ಲೂಕಿನ ನಮ್ಮ ಹೊಲದ ಹತ್ತು ಗುಂಟೆಗೆ, ಅಂದರೆ ಸುಮಾರು 1,000 ಚದರ ಮೀಟರ್ ಜಾಗಕ್ಕೆ, ಅರ್ಧದಷ್ಟು ಬಿಸಿಲನ್ನು ತಡೆಯುವ ಹಸಿರು ಪರದೆಯನ್ನು ಕಟ್ಟಿಸಿ ಈ ಬೇಸಿಗೆಗೆ ಐದು ವರ್ಷ ತುಂಬಿತು. ಒಳಗೆ ದೊಣ್ಣೆ ಮೆಣಸಿನಕಾಯಿ ಮತ್ತು ಸಸಿಗಳು, ಹೊರಗೆ ಬಯಲಿನಲ್ಲಿ ಈರುಳ್ಳಿ ಮತ್ತು ಟೊಮೆಟೊ. ಮಣ್ಣು ಒಂದೇ, ಕೊಳವೆಬಾವಿಯ ನೀರೂ ಒಂದೇ. ಆದ್ದರಿಂದ ಪರದೆಯಿಂದ ಆಗುವ ಕೆಲಸ ಯಾವುದು, ಆಗದ ಕೆಲಸ ಯಾವುದು ಎಂಬುದು ಪಕ್ಕಪಕ್ಕದಲ್ಲೇ ಕಾಣಿಸಿತು.

ದೊಣ್ಣೆ ಮೆಣಸಿನ ಗಿಡವು ಹಗಲಿನ ಉಷ್ಣಾಂಶ 35 ಡಿಗ್ರಿ ದಾಟಿದರೆ ಹೂ ಉದುರಿಸುತ್ತದೆ. ಕಚ್ಚಿದ ಕಾಯಿಯೂ ಬಿಸಿಲು ಬೀಳುವ ಮಗ್ಗುಲಲ್ಲಿ ಸುಟ್ಟು, ಅಲ್ಲಿನ ಸಿಪ್ಪೆ ಬಿಳಿ ಕಾಗದದಂತಾಗುತ್ತದೆ. ಮೊದಲ ವರ್ಷ ಪರೀಕ್ಷೆಗೆಂದು ಬಯಲಿನಲ್ಲಿ ಹಚ್ಚಿದ ಎರಡು ಸಾಲುಗಳ ಕಾಯಿ ಏಪ್ರಿಲ್‌ನಲ್ಲಿ ಬಹುಪಾಲು ಹೀಗೆ ಕೆಟ್ಟರೆ, ಪರದೆಯಡಿಯ ಕಾಯಿ ಮಾರುಕಟ್ಟೆಗೆ ಹೋಯಿತು. ಪ್ರೊಟ್ರೇಗಳಲ್ಲಿ, ಅಂದರೆ ಕುಳಿಗಳಿರುವ ಪ್ಲಾಸ್ಟಿಕ್ ತಟ್ಟೆಗಳಲ್ಲಿ, ಬೆಳೆಸುವ ಸಸಿಗಳಿಗಂತೂ ಬೇಸಿಗೆಯಲ್ಲಿ ಇದಿಲ್ಲದೆ ಆಗದು.

ಆದರೆ ‘ಪರದೆ ಕಟ್ಟಿದರೆ ಕೀಟದ ಕಾಟ ಇರುವುದಿಲ್ಲ’ ಎಂದು ಮಾರಿದವರು ಹೇಳಿದ ಮಾತನ್ನು ನಾನು ನಂಬಿದ್ದು ತಪ್ಪಾಯಿತು. ಇದರ ಕಣ್ಣುಗಳು ಬಿಳಿ ನೊಣವೂ ಥ್ರಿಪ್ಸ್ ನುಸಿಯೂ ಸಲೀಸಾಗಿ ನುಗ್ಗುವಷ್ಟು ದೊಡ್ಡವು. ಬಿಳಿ ನೊಣವನ್ನು ತಡೆಯಲು 40 ಮೆಶ್‌ನ, ಅಂದರೆ ಅಂಗುಲದುದ್ದಕ್ಕೆ 40 ಕಣ್ಣುಗಳಿರುವ, ಕೀಟ ಪರದೆಯನ್ನೇ ಬೇರೆಯಾಗಿ ಕಟ್ಟಬೇಕು, ಥ್ರಿಪ್ಸ್ ಅದರಲ್ಲೂ ತೂರಿಕೊಳ್ಳುತ್ತದೆ. ಕೀಟ ಹಿಡಿಯುವ ಹಳದಿ ಮತ್ತು ನೀಲಿ ಅಂಟು ಹಾಳೆಗಳ ಖರ್ಚು ನನಗೆ ಇಂದಿಗೂ ತಪ್ಪಿಲ್ಲ. ಇದು ಪ್ಲಾಸ್ಟಿಕ್ ಹಾಳೆ ಹೊದಿಸಿದ ಪಾಲಿಹೌಸ್ ಅಲ್ಲದ ಕಾರಣ ಮಳೆಯೂ ನೇರ ಒಳಗಿಳಿಯುತ್ತದೆ.

ಮುಂಗಾರಿನ ಮೋಡದ ದಿನಗಳಲ್ಲಿ ಇದೇ ನೆರಳು ಬೆಳೆಗೆ ಹಗೆಯಾಗುತ್ತದೆ. ಒಂದು ವರ್ಷ ಜೂನ್‌ನಲ್ಲಿ ಒಳಗೆ ಹಚ್ಚಿದ ಟೊಮೆಟೊ ಗಿಡಗಳು ಬೆಳಕಿಗಾಗಿ ಸಪೂರವಾಗಿ ಮೇಲೆದ್ದವೇ ಹೊರತು ಹೂ ಕಟ್ಟಲಿಲ್ಲ. ಬಯಲಿನಲ್ಲಿದ್ದ ಅರ್ಕಾ ರಕ್ಷಕ್ ಟೊಮೆಟೊ ಚೆನ್ನಾಗಿ ಬಂತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಈ ತಳಿಗೆ ಎಲೆ ಮುಟುರು, ದುಂಡಾಣು ಸೊರಗು ಮತ್ತು ಎಲೆಚುಕ್ಕೆಯ ಅಂಗಮಾರಿ, ಮೂರನ್ನೂ ತಡೆದುಕೊಳ್ಳುವ ಗುಣವಿರುವುದರಿಂದ ಟೊಮೆಟೊಗಾಗಿ ಪರದೆಗೆ ಹಣ ಸುರಿಯುವುದು ನನಗೆ ಸರಿ ಕಾಣುವುದಿಲ್ಲ.

ಬಾಳಿಕೆಯ ಪ್ರಶ್ನೆ ಇಲ್ಲಿ ಬಿಸಿಲಿಗಿಂತ ಗಾಳಿಯದು. ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿಯ ಬೆಟ್ಟಸಾಲಿನಲ್ಲಿ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲವಷ್ಟೆ. ಎರಡನೆಯ ಆಷಾಢದಲ್ಲಿ ಮೂಲೆಯ ತಂತಿ ಸಡಿಲಗೊಂಡು, ಪರದೆ ರಾತ್ರಿಯಿಡೀ ಕಬ್ಬಿಣದ ಪೈಪಿಗೆ ಉಜ್ಜಿ ಎರಡು ಮಾರು ಉದ್ದ ಹರಿಯಿತು. ಆಮೇಲೆ ಹನಿ ನೀರಾವರಿಯ ಹಳೆಯ ಸಣ್ಣ ಪೈಪನ್ನು (ಡ್ರಿಪ್ ಲ್ಯಾಟರಲ್) ಉದ್ದಕ್ಕೆ ಸೀಳಿ, ಪರದೆ ತಾಗುವ ಕಡೆಯಲ್ಲೆಲ್ಲ ಹೊದಿಸಿದೆ. ಅಲ್ಲಿಂದೀಚೆಗೆ ಚಾವಣಿ ಹರಿದಿಲ್ಲ. ಚಾವಣಿಗೆ ಹಾಕಿಸಿದ್ದು ದುಂಡೆಳೆಯ, ಅಂದರೆ ದುಂಡನೆಯ ಪ್ಲಾಸ್ಟಿಕ್ ಎಳೆಗಳಿಂದ ಹೆಣೆದ, ಪರದೆ. ಹಣ ಉಳಿಸಲೆಂದು ಪಕ್ಕಗಳಿಗೆ ಹಾಕಿದ, ಚಪ್ಪಟೆ ಎಳೆಗಳ ಪಟ್ಟಿಯೆಳೆಯದು ಮೂರನೆಯ ವರ್ಷವೇ ಪುಡಿಪುಡಿಯಾಗಿ ಉದುರತೊಡಗಿತು. ಬೇಸಿಗೆಗೆ ಮುನ್ನ ಒಮ್ಮೆ ಪಂಪಿನಿಂದ ನೀರು ಹಾಯಿಸಿ ಕೆಂಧೂಳು ತೊಳೆಯದಿದ್ದರೆ ನೆರಳು ಅರ್ಧಕ್ಕಿಂತ ಹೆಚ್ಚಾಗಿ ಗಿಡ ಸೊರಗುತ್ತದೆ ಎಂಬುದನ್ನೂ ಯಾರೂ ಹೇಳಿರಲಿಲ್ಲ.

ಸಸಿ ಬೆಳೆಸುವವರು, ಬೇಸಿಗೆಯ ದೊಣ್ಣೆ ಮೆಣಸಿನಕಾಯಿ ನೆಚ್ಚಿದವರು ದುಂಡೆಳೆಯದನ್ನೇ ಕೊಳ್ಳಲಿ. ಚಾವಣಿಯನ್ನು ಬದಲಿಸುವ ಸಲ ನಾನು ಅದನ್ನು ಬಿಗಿದು ಹೊಲಿಸದೆ, ಜೂನ್‌ನಲ್ಲಿ ಒಂದು ಬದಿಗೆ ಸರಿಸಿಡುವಂತೆ ತಂತಿಗೆ ಉಂಗುರ ಹಾಕಿಸಲಿದ್ದೇನೆ.