ಮುಚ್ಚಳ 1967ರದ್ದು, ಮೆಷಿನ್ ಬೇರೆಯದು: ಹಳೆ ಸ್ಪೀಡ್‌ಮಾಸ್ಟರ್ ಕೊಳ್ಳುವವರೇ ಹುಷಾರ್

ಹಳೆ ಒಮೆಗಾ ಸ್ಪೀಡ್‌ಮಾಸ್ಟರ್ ವಾಚು ಹುಡುಕ್ತಾ ಇದ್ದೀರಾ? ದುಡ್ಡು ಕಳಿಸೋಕೆ ಮುಂಚೆ ಇದನ್ನು ಓದಿಬಿಡಿ.

ನಾನು ಕೊಂಡ ವಾಚಿನ ಜಾಹೀರಾತಿನಲ್ಲಿ ಹಾಕಿದ್ದು ಮಾಡೆಲ್ 145.012, 1967, ಕ್ಯಾಲಿಬರ್ (ಅಂದರೆ ಒಳಗಿನ ಮೆಷಿನ್) 321, ‘ಎಲ್ಲಾ ಒರಿಜಿನಲ್’. ಬಂದ ವಾಚಿನೊಳಗೆ ಕೂತಿರೋದು 861! ಹಿಂಬದಿಯ ಮುಚ್ಚಳ ಮಾತ್ರ ಅಸಲಿ. 1969ರಲ್ಲಿ ಚಂದ್ರನಿಗೆ ಹೋದದ್ದು ಲೆಮಾನಿಯಾ ಎಂಬ ಸ್ವಿಸ್ ಕಂಪನಿ ಮೂಲದ, ಕಾಲಂ ವೀಲ್ (ಸ್ಟಾಪ್‌ವಾಚ್ ಶುರುಮಾಡಿ ನಿಲ್ಲಿಸುವ ಚಕ್ರ) ಇರುವ 321. ಅದರ ಜಾಗಕ್ಕೆ 1968ರಲ್ಲಿ ಬಂದದ್ದು ಅದೇ ಕೆಲಸಕ್ಕೆ ಚಕ್ರದ ಬದಲು ಕ್ಯಾಮ್ ಅನ್ನೋ ತಟ್ಟೆ ಇರುವ 861. ಅದೇನೂ ಕೆಟ್ಟ ಮೆಷಿನ್ ಅಲ್ಲ, ಗಟ್ಟಿಮುಟ್ಟು. ಆದರೆ 321ರ ಬೆಲೆ ಸುರಿದು 861 ಯಾಕೆ ತಗೋಬೇಕು? ಎರಡೂ ಒಂದೇ ಕೇಸಿಗೆ ಕೂರುತ್ತವೆ, ಮುಚ್ಚಳ ಬದಲಿಸಿದರೆ ಮೋಸ ಮುಗೀತು.

ಬಣ್ಣ ನೋಡಿ ನಂಬಬೇಡಿ, ಹಳೆ 861 ಕೂಡ ತಾಮ್ರದ ಬಣ್ಣದ್ದೇ. ಬಡಿತ ಎಣಿಸಿ. 321 ಗಂಟೆಗೆ 18,000, ಅಂದರೆ ಸೆಕೆಂಡಿಗೆ 5. 861 ಆದರೆ 21,600, ಸೆಕೆಂಡಿಗೆ 6. ಟೈಮಿಂಗ್ ಮೆಷಿನ್ ಮೇಲೆ ಇಟ್ಟ ಕೂಡಲೇ 21,600 ಅಂತ ತೋರಿಸಿತು. ಅಲ್ಲೇ ಮೈ ಉರಿದುಹೋಯಿತು. ಬಿಚ್ಚಿ ನೋಡಿದರೆ ಕಾಲಂ ವೀಲ್ ಇಲ್ಲವೇ ಇಲ್ಲ. ಮೆಷಿನ್ನಿನ ಬ್ರಿಡ್ಜ್ (ಲೋಹದ ಪಟ್ಟಿ) ಮೇಲಿನ ಸೀರಿಯಲ್ ನಂಬರಿಗೂ ಫೋಟೋದಲ್ಲಿದ್ದ ನಂಬರಿಗೂ ಸಂಬಂಧವೇ ಇಲ್ಲ.

ಕೇಳಿದ್ದಕ್ಕೆ ಮಾರಿದವನ ಉತ್ತರ: ‘ಅದು ಮಾದರಿ ಫೋಟೋ.’ ಮಾದರಿ ಫೋಟೋವಂತೆ! ಮತ್ತೆ ಕೇಳಿದರೆ, ‘ಸರ್ವಿಸ್‌ನಲ್ಲಿ ಯಾರೋ ಬದಲಿಸಿರಬೇಕು.’ ಮೂರನೆಯದು ಇನ್ನೂ ಚೆಂದ: ‘ಮುಚ್ಚಳ ಒರಿಜಿನಲ್ ತಾನೇ?’ ಆಮೇಲೆ, ‘ಹಳೆ ಮಾಲು, ವಾಪಸ್ ಇಲ್ಲ.’

ಡಯಲ್ ಕೂಡ ಸರ್ವಿಸ್‌ನಲ್ಲಿ ಹಾಕುವ ಬದಲಿ ಡಯಲ್ಲೇ. 145.012ರಲ್ಲಿ ಒಮೆಗಾ ಚಿಹ್ನೆ ಲೋಹದ್ದು, ಅಂಟಿಸಿದ್ದು. ಇದರಲ್ಲಿ ಬರೀ ಪ್ರಿಂಟು. ಕೆಳಗೆ ‘ಸ್ವಿಸ್ ಮೇಡ್’ ಅಕ್ಕಪಕ್ಕ ಇರಬೇಕಾದ ‘ಟಿ’ ಅಕ್ಷರಗಳಿಲ್ಲ, ಅವು ಕತ್ತಲಲ್ಲಿ ಹೊಳೆಯುವ ಟ್ರೀಷಿಯಂ ಬಣ್ಣದ ಗುರುತು. ಟಾರ್ಚ್ ಬಿಟ್ಟು ಆರಿಸಿದ ಮೇಲೂ ಹಸಿರಾಗಿ ಬೆಳಗ್ತಾನೇ ಇದೆ. ಟ್ರೀಷಿಯಮ್ಮಿನ ಅರ್ಧಾಯುಷ್ಯ ಸುಮಾರು 12 ವರ್ಷ, 1967ರದ್ದು ಇಷ್ಟೊತ್ತಿಗೆ ಸತ್ತಿರುತ್ತೆ.

ಪರಿಣತರೂ ಬೀಳ್ತಾರೆ ಬಿಡಿ. 2021ರ ನವೆಂಬರಿನಲ್ಲಿ ಜಿನೀವಾ ಹರಾಜಿನಲ್ಲಿ 31 ಲಕ್ಷ ಫ್ರಾಂಕಿಗೂ ಮೀರಿ ಹೋದ 2915-1 ಮಾಡೆಲಿನ ಸ್ಪೀಡ್‌ಮಾಸ್ಟರ್ ಬೇರೆಬೇರೆ ವಾಚುಗಳ ಬಿಡಿಭಾಗ ಸೇರಿಸಿ ಕಟ್ಟಿದ್ದು ಅಂತ 2023ರಲ್ಲಿ ಒಮೆಗಾನೇ ಹೇಳಿತು. ಕೊಂಡಿದ್ದೂ ಒಮೆಗಾನೇ!

ಹಾಗಾಗಿ ಕೊಳ್ಳೋಕೆ ಮುಂಚೆ ಮಾರುವವನಿಂದ ವಿಡಿಯೋ ಕೇಳಿ: ಮುಚ್ಚಳದ ಒಳಭಾಗ, ಸೀರಿಯಲ್ ನಂಬರ್, ಕಾಲಂ ವೀಲ್, ಮೂರೂ ಒಂದೇ ವಿಡಿಯೋದಲ್ಲಿ ಬರಬೇಕು, ಪಕ್ಕದಲ್ಲಿ ಆ ದಿನದ ತಾರೀಖು ಬರೆದ ಚೀಟಿ. ‘ಬಿಚ್ಚಿದರೆ ವಾಷರ್ ಹಾಳಾಗುತ್ತೆ’ ಅಂದವನ ಹತ್ತಿರ ಮಾತೇ ಬೇಡ. ಐವತ್ತು ವರ್ಷ ದಾಟಿದ ವಾಚಿಗೆ ವಾಷರ್ ಹೇಗೂ ಹೊಸದು ಹಾಕಲೇಬೇಕು.