ಆಶ್ಟನ್ ಜೆಂಟಿ: 2,601 ಗಜಗಳ ಋತುವೊಂದರ ವಿಮರ್ಶೆ

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ 2024ರ ಋತು ಬಾಯ್ಸಿ ಸ್ಟೇಟ್ ವಿಶ್ವವಿದ್ಯಾಲಯದ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವುದೇ ಮುಖ್ಯ ಕೆಲಸವಾದ ಆಟಗಾರ) ಆಶ್ಟನ್ ಜೆಂಟಿಯವರದು. 14 ಪಂದ್ಯಗಳಲ್ಲಿ 374 ಬಾರಿ ಚೆಂಡು ಹೊತ್ತು ಅವರು 2,601 ಗಜ ಓಡಿದರು, ಓಟದಲ್ಲೇ 29 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿ ಪಡೆಯುವ ಅಂಕ) ಗಳಿಸಿದರು. 1988ರಲ್ಲಿ ಒಕ್ಲಹೋಮ ಸ್ಟೇಟ್‌ನ ಬ್ಯಾರಿ ಸ್ಯಾಂಡರ್ಸ್ ಸ್ಥಾಪಿಸಿದ 2,628 ಗಜಗಳ ದಾಖಲೆಗೆ ಕೇವಲ 27 ಗಜ ಕಡಿಮೆಯಾಯಿತು. ಸ್ಯಾಂಡರ್ಸ್ ಅಷ್ಟನ್ನು 11 ಪಂದ್ಯಗಳಲ್ಲೇ ಓಡಿದ್ದರು, ಆ ಕಾಲದಲ್ಲಿ ಋತುವಿನ ಕೊನೆಗೆ ನಡೆಯುವ ಬೌಲ್ ಪಂದ್ಯದ ಗಜಗಳನ್ನು ಲೆಕ್ಕಕ್ಕೆ ಹಿಡಿಯುತ್ತಲೂ ಇರಲಿಲ್ಲ. ಆದ್ದರಿಂದ ದಾಖಲೆಯ ಹೋಲಿಕೆಯನ್ನು ಇಲ್ಲಿಗೇ ಬಿಡುವುದು ಮೇಲು. ಇದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆಯಿದೆ: ಆ ಗಜಗಳಲ್ಲಿ ಜೆಂಟಿ ಸ್ವತಃ ಸಂಪಾದಿಸಿದ್ದೆಷ್ಟು, ಮುಂದಿನ ಸಾಲಿನ ಆಟಗಾರರು ದಾರಿ ಮಾಡಿ ಕೊಟ್ಟದ್ದೆಷ್ಟು, ಮತ್ತು ವೃತ್ತಿಪರ ಲೀಗಿನಲ್ಲಿ ಉಳಿಯುವುದು ಯಾವುದು?

ಚೆಂಡು ಸ್ನ್ಯಾಪ್ ಆಗುವ, ಅಂದರೆ ಅದನ್ನು ಸಾಲಿನಿಂದ ಹಿಂದಕ್ಕೆ ಕೊಟ್ಟು ಆಟ ಶುರುವಾಗುವ ಮೊದಲು ಜೆಂಟಿ ನಿಲ್ಲುವ ಭಂಗಿಯನ್ನೇ ಗಮನಿಸಿ. ಬಹುತೇಕ ರನ್ನಿಂಗ್ ಬ್ಯಾಕ್‌ಗಳು ಮೊಣಕಾಲು ಬಾಗಿಸಿ, ಅಂಗೈಗಳನ್ನು ತೊಡೆಯ ಮೇಲಿಟ್ಟು ಕಾಯುತ್ತಾರೆ. ಜೆಂಟಿ ನೆಟ್ಟಗೆ ನಿಂತು, ಎರಡೂ ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು, ಎದುರಾಳಿಯ ಮುಂದಿನ ಸಾಲಿನ ಹಿಂದೆ ನಿಲ್ಲುವ ರಕ್ಷಕರಾದ ಲೈನ್‌ಬ್ಯಾಕರ್‌ಗಳನ್ನೇ ದಿಟ್ಟಿಸುತ್ತಿರುತ್ತಾರೆ. ಎದುರಿನ ಆಟಗಾರರು ಎಲ್ಲೆಲ್ಲಿ ನಿಂತಿದ್ದಾರೆ, ಯಾರು ಮುಂದಕ್ಕೆ ಸರಿಯುತ್ತಿದ್ದಾರೆ ಎಂಬುದನ್ನು ಓದಲು ಅವರಿಗೆ ಈ ನಿಲುವೇ ಅನುಕೂಲ. ಚೆಂಡು ಕೈಗೆ ಬಂದ ಕೂಡಲೇ ದೇಹ ತಗ್ಗುತ್ತದೆ. ಐದು ಅಡಿ ಎಂಟೂವರೆ ಅಂಗುಲ ಎತ್ತರ ಮತ್ತು 211 ಪೌಂಡ್ ತೂಕದ ಈ ಗಟ್ಟಿ ಮೈಕಟ್ಟಿನ ಭಾರವೆಲ್ಲ ತೊಡೆ ಸೊಂಟಗಳಲ್ಲಿ ತುಂಬಿಕೊಂಡಿರುವುದರಿಂದ, ಭುಜಕ್ಕೆ ಡಿಕ್ಕಿ ಹೊಡೆಯಲು ಬಂದವನಿಗೆ ಗುರಿ ಸಿಗುವುದಿಲ್ಲ, ಕಾಲು ಹಿಡಿಯಲು ಬಂದವನಿಗೆ ಹಿಡಿತ ನಿಲ್ಲುವುದಿಲ್ಲ. ಪಾದ ಹಿಡಿದ ಎದುರಾಳಿಯನ್ನೂ ಎಳೆದುಕೊಂಡೇ ಮಧ್ಯಗೆರೆ ಮುಟ್ಟುವ ಕಬಡ್ಡಿ ಆಟಗಾರನನ್ನು ನೋಡಿದವರಿಗೆ ಈ ಬಲದ ಸ್ವರೂಪ ಥಟ್ಟನೆ ಅರ್ಥವಾಗುತ್ತದೆ. ಆ ಋತುವಿನ ಗಜಗಳಲ್ಲಿ ಸುಮಾರು ಮುಕ್ಕಾಲು ಪಾಲು ಮೊದಲ ಎದುರಾಳಿ ಮೈಗೆ ತಾಗಿದ ನಂತರ ಬಂದವು ಎಂಬುದು ನನ್ನ ದೃಷ್ಟಿಯಲ್ಲಿ 2,601ಕ್ಕಿಂತ ದೊಡ್ಡ ಸಂಗತಿ.

ಹಾಗೆಂದು ಬ್ಲಾಕಿಂಗ್‌ನ, ಅಂದರೆ ಮುಂದಿನ ಸಾಲಿನವರು ಎದುರಾಳಿಗಳನ್ನು ತಡೆದು ದಾರಿ ಮಾಡುವುದರ, ಪಾತ್ರವನ್ನು ತಳ್ಳಿಹಾಕುವಂತಿಲ್ಲ. ಓಟದ ಬ್ಲಾಕಿಂಗ್‌ನಲ್ಲಿ ಸ್ಥೂಲವಾಗಿ ಎರಡು ಪದ್ಧತಿಗಳಿವೆ. ಝೋನ್ ಪದ್ಧತಿಯಲ್ಲಿ ಮುಂದಿನ ಸಾಲಿನ ಐವರು ಲೈನ್‌ಮನ್‌ಗಳೂ ಒಂದೇ ದಿಕ್ಕಿಗೆ ಒಟ್ಟಾಗಿ ಹೆಜ್ಜೆಯಿಟ್ಟು, ತಮ್ಮ ಪ್ರದೇಶಕ್ಕೆ ಬಂದವರನ್ನು ತಡೆಯುತ್ತಾರೆ; ಸಂದು ಎಲ್ಲಿ ತೆರೆಯುತ್ತದೆಂದು ಮೊದಲೇ ಗೊತ್ತಿರುವುದಿಲ್ಲವಾದ್ದರಿಂದ ಓಟಗಾರ ಒಂದೆರಡು ಹೆಜ್ಜೆ ತಾಳ್ಮೆಯಿಂದ ಸಾಗಿ, ನೋಡಿ, ಒಮ್ಮೆ ಪಾದ ಊರಿ ನುಗ್ಗಬೇಕು. ಗ್ಯಾಪ್ ಪದ್ಧತಿಯಲ್ಲಿ ಸಂದು ಮೊದಲೇ ನಿಶ್ಚಿತ: ಒಂದು ಬದಿಯ ಲೈನ್‌ಮನ್‌ಗಳು ಎದುರಾಳಿಗಳನ್ನು ಒಳಕ್ಕೆ ಒತ್ತುತ್ತಿರುವಾಗ, ಇನ್ನೊಂದು ಬದಿಯ ಗಾರ್ಡ್ (ಸಾಲಿನ ನಡುವಿನ ಸೆಂಟರ್‌ನ ಪಕ್ಕದ ಲೈನ್‌ಮನ್) ತನ್ನ ಜಾಗ ಬಿಟ್ಟು ಸಾಲಿನ ಹಿಂದಿನಿಂದ ಓಡಿಬಂದು ಆ ಸಂದಿನಲ್ಲಿ ಅಡ್ಡ ಬಂದವನನ್ನು ಹೊರಕ್ಕೆ ನೂಕುತ್ತಾನೆ, ಓಟಗಾರ ಅವನ ಬೆನ್ನಿಗಂಟಿ ಸಾಗುತ್ತಾನೆ. ಜೆಂಟಿ ಎರಡರಲ್ಲೂ ಪಳಗಿದವರು. ಝೋನ್ ಓಟದಲ್ಲಿ ಅವರು ಕೊನೆಯ ಕ್ಷಣದವರೆಗೆ ಭುಜಗಳನ್ನು ಎದುರಿಗೇ ಇಟ್ಟುಕೊಂಡು, ಲೈನ್‌ಬ್ಯಾಕರ್ ಒಂದು ಹೆಜ್ಜೆ ತಪ್ಪು ಇಟ್ಟ ಮೇಲಷ್ಟೇ ದಿಕ್ಕು ಬದಲಿಸುತ್ತಾರೆ. ಗ್ಯಾಪ್ ಓಟದಲ್ಲಿ ಗಾರ್ಡ್‌ನನ್ನು ಮೀರಿ ಓಡುವ ಆತುರವಿಲ್ಲ. ಈ ಆತುರ ಎಷ್ಟೋ ವೇಗದ ಓಟಗಾರರನ್ನು ಕೆಡಿಸಿದೆ.

ಜೆಂಟಿಯವರನ್ನು ಅಳೆಯಲು ಹೊರಟವರು ಜಾರ್ಜಿಯಾ ಸದರ್ನ್ ಎದುರಿನ 267 ಗಜ, ಆರು ಟಚ್‌ಡೌನ್‌ಗಳ ಮೊದಲ ಪಂದ್ಯವನ್ನು ಬದಿಗಿಟ್ಟು, ಆರೆಗನ್ ಮತ್ತು ಪೆನ್ ಸ್ಟೇಟ್ ವಿರುದ್ಧದ ಎರಡು ಸೋಲುಗಳನ್ನು ನೋಡಬೇಕು. ಬಾಯ್ಸಿ ಆಡುತ್ತಿದ್ದ ಮೌಂಟನ್ ವೆಸ್ಟ್ ಒಕ್ಕೂಟದ ಎದುರಾಳಿಗಳು ದುರ್ಬಲರೆಂಬ ಆಕ್ಷೇಪಕ್ಕೆ ಉತ್ತರ ಸಿಗುವುದು ಅಲ್ಲೇ. ಆ ಋತುವಿನಲ್ಲಿ ರೋಸ್ ಬೌಲ್‌ವರೆಗೆ ಒಂದು ಪಂದ್ಯವನ್ನೂ ಸೋಲದ ಆರೆಗನ್ ವಿರುದ್ಧ, ಅವರದೇ ಮೈದಾನದಲ್ಲಿ, ಜೆಂಟಿ 192 ಗಜ ಓಡಿ ಮೂರು ಟಚ್‌ಡೌನ್ ಗಳಿಸಿದರು. ತಂಡ 37-34ರಿಂದ ಸೋತಿತು. ವರ್ಷದ ಕೊನೆಯ ದಿನ ನಡೆದ ಫಿಯೆಸ್ಟಾ ಬೌಲ್‌ನಲ್ಲಿ ಪೆನ್ ಸ್ಟೇಟ್ ಅವರನ್ನು 30 ಓಟಗಳಲ್ಲಿ 104 ಗಜಗಳಿಗೆ ಹಿಡಿದಿಟ್ಟಿತು. ಚೆಂಡು ಕೈಜಾರಿದ್ದೂ ಉಂಟು. ಪೆನ್ ಸ್ಟೇಟ್‌ನ ಬಲಿಷ್ಠ ಮುಂದಿನ ಸಾಲು ಬಾಯ್ಸಿಯ ಲೈನ್‌ಮನ್‌ಗಳನ್ನು ಹಿಂದಕ್ಕೆ ಒತ್ತಿದ್ದರಿಂದ, ವೇಗ ಕೂಡುವ ಮೊದಲೇ ಜೆಂಟಿಯವರ ಮೇಲೆ ಇಬ್ಬರು ಮೂವರು ಬಿದ್ದಿರುತ್ತಿದ್ದರು. ಒಬ್ಬನನ್ನು ಕೊಡವಿಕೊಳ್ಳಬಲ್ಲ ಓಟಗಾರನಿಗೂ ಆ ಒಬ್ಬ ಸಾಲಿನ ಹಿಂದೆಯೇ ಎದುರಾದರೆ ಸಿಗುವುದು ಮೂರು ಗಜ ಮಾತ್ರ. ಆ ಸಂಜೆ ಅವರ ಸಾಮರ್ಥ್ಯಕ್ಕೆ ಕುಂದು ಬಂದಿತೆಂದು ನಾನು ಒಪ್ಪುವುದಿಲ್ಲ, ಆದರೆ ಆ ಸಾಮರ್ಥ್ಯದ ಎಲ್ಲೆ ಎಲ್ಲಿದೆಯೆಂದು ಸ್ಪಷ್ಟವಾಯಿತು.

ಪಾಸ್ ಹಿಡಿಯುವ ಕೌಶಲದ ಬಗ್ಗೆ 2024ರ ಅಂಕಿಗಳು ದಾರಿ ತಪ್ಪಿಸುತ್ತವೆ. ಆ ವರ್ಷ 23 ಪಾಸ್‌ಗಳಿಂದ 138 ಗಜವಷ್ಟೇ. ಆದರೆ 2023ರಲ್ಲಿ 43 ಪಾಸ್ ಹಿಡಿದು 569 ಗಜ ಗಳಿಸಿದ್ದರು. ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ರಕ್ಷಣೆಗೆ ನಿಂತಾಗ ಗಿಡ್ಡ ಮೈ ತೊಡಕಾಗಬಹುದಾದರೂ, ನುಗ್ಗಿಬರುವವನ ಎದೆಯ ಕೆಳಗೆ ಸೇರಿಕೊಳ್ಳಲು ಅವರು ಹಿಂಜರಿಯುವುದಿಲ್ಲ.

ಕಾಲೇಜು ಫುಟ್‌ಬಾಲ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಕೊಲರಾಡೊದ ಟ್ರಾವಿಸ್ ಹಂಟರ್ ಪಾಲಾಗಿ ಜೆಂಟಿ ಎರಡನೆಯವರಾದರು. ಮ್ಯಾಕ್ಸ್‌ವೆಲ್ ಮತ್ತು ಡೋಕ್ ವಾಕರ್ ಪ್ರಶಸ್ತಿಗಳು ಅವರಿಗೇ ಸಂದವು. ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನ 2024ರ ಮೊದಲ ಸುತ್ತಿನಲ್ಲಿ ಒಬ್ಬ ರನ್ನಿಂಗ್ ಬ್ಯಾಕ್‌ನನ್ನೂ ಯಾರೂ ಆರಿಸಿರಲಿಲ್ಲ. ಅಂಥ ಕಾಲದಲ್ಲಿ, 2025ರ ಏಪ್ರಿಲ್‌ನಲ್ಲಿ, ಲಾಸ್ ವೇಗಸ್ ರೈಡರ್ಸ್ ತಂಡ ಜೆಂಟಿಯವರನ್ನು ಆರನೆಯ ಆಯ್ಕೆಯಾಗಿ ಪಡೆಯಿತು. 2018ರಲ್ಲಿ ಎರಡನೆಯವರಾಗಿ ಆಯ್ಕೆಯಾದ ಸೇಕ್ವಾನ್ ಬಾರ್ಕ್ಲಿಯವರ ನಂತರ ಈ ಸ್ಥಾನದ ಆಟಗಾರನಿಗೆ ದೊರೆತ ಅತಿ ಎತ್ತರದ ಆಯ್ಕೆ ಇದು. ಅದೇ ಬಾರ್ಕ್ಲಿ ನ್ಯೂಯಾರ್ಕ್ ಜೈಂಟ್ಸ್‌ನ ಸೊರಗಿದ ಲೈನ್‌ನ ಹಿಂದೆ ವರ್ಷಗಟ್ಟಲೆ ಬಳಲಿ, 2024ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಸೇರಿ, ಭದ್ರವಾದ ಲೈನ್ ಸಿಕ್ಕ ಮೊದಲ ಋತುವಿನಲ್ಲೇ 2,005 ಗಜ ಓಡಿದರು. ಜೆಂಟಿಯವರ ಭವಿಷ್ಯ ಊಹಿಸುವವರಿಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕಿಲ್ಲ.

ರೈಡರ್ಸ್‌ನಲ್ಲಿ ಅವರ ಮೊದಲ ಋತು ಕಷ್ಟದ್ದಾಗಿತ್ತು. ಲೈನ್ ಕುಸಿದಿತ್ತು, ದಾಳಿ ವಿಭಾಗದ ಹೊಣೆ ಹೊತ್ತಿದ್ದ ಚಿಪ್ ಕೆಲ್ಲಿಯವರನ್ನು ಋತುವಿನ ಮಧ್ಯದಲ್ಲೇ ಕೈಬಿಡಲಾಯಿತು. ಆರಂಭದ ಪಂದ್ಯಗಳಲ್ಲಿ ತಗ್ಗಿದ ಭಂಗಿಯಲ್ಲಿ ನಿಂತ ಜೆಂಟಿ, ಶಿಕಾಗೊ ಬೇರ್ಸ್ ವಿರುದ್ಧ ತಮ್ಮ ಹಳೆಯ ನೆಟ್ಟನೆಯ ನಿಲುವಿಗೆ ಮರಳಿ 138 ಗಜ ಓಡಿದರು, ಮೂರು ಟಚ್‌ಡೌನ್ ಗಳಿಸಿದರು. ಮೊದಲ ವರ್ಷ ಪ್ರತಿ ಓಟಕ್ಕೆ ಸಿಕ್ಕ ಗಜಗಳ ಸರಾಸರಿಯನ್ನು ಹಿಡಿದು ಆರನೆಯ ಆಯ್ಕೆ ವ್ಯರ್ಥವಾಯಿತೆನ್ನುವವರ ಮಾತನ್ನು ನಾನು ಒಪ್ಪಲಾರೆ. ಕಾಲೇಜಿನಲ್ಲಿ ಒಂದೇ ವರ್ಷ 374 ಬಾರಿ ಚೆಂಡು ಹೊತ್ತ ದೇಹ ಇದು, ಈ ಸ್ಥಾನದ ಆಟಗಾರರ ವೃತ್ತಿಜೀವನವೂ ಚಿಕ್ಕದು. ತಂಡ ಮೊದಲು ಹಣ ಮತ್ತು ಆಯ್ಕೆಗಳನ್ನು ಗಾರ್ಡ್, ಸೆಂಟರ್ ಸ್ಥಾನಗಳ ಮೇಲೆ ಸುರಿಯಲಿ. ಜೆಂಟಿಯವರಿಗೆ ಸಾಲಿನಲ್ಲಿ ಒಂದು ಗಜದ ಸಂದು ತೆರೆದುಕೊಟ್ಟು, ಆಮೇಲೆ ಲೆಕ್ಕ ಕೇಳಲಿ.