ಸಾವಿರ ಪಟ್ಟಿನ ಸೂಕ್ಷ್ಮದರ್ಶಕದಡಿ ಆರು ಕೋಲಿಯೋಫೊರಾ

ಕಲಬುರಗಿಯ ಸೂಪರ್ ಮಾರ್ಕೆಟ್ ಭಾಗದ ಅಂಗಡಿಯೊಂದರಲ್ಲಿ ಕಳೆದ ಮಾರ್ಚ್ ತಿಂಗಳಲ್ಲಿ 1,800 ರೂಪಾಯಿ ಕೊಟ್ಟು ಲ್ಯಾಪ್‌ಟಾಪಿಗೆ ಜೋಡಿಸುವ ಡಿಜಿಟಲ್ ಸೂಕ್ಷ್ಮದರ್ಶಕವೊಂದನ್ನು ಕೊಂಡೆ. ಪೆಟ್ಟಿಗೆಯ ಮೇಲೆ 1,000 ಪಟ್ಟು ಎಂದು ಅಚ್ಚಾಗಿತ್ತು. ಅಂಗಡಿಯವರೂ “ಸಾವಿರ ಪಟ್ಟು ದೊಡ್ಡದು ಕಾಣ್ತದ್ರಿ ಸರ್” ಎಂದು ಭರವಸೆ ಕೊಟ್ಟರು. ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನನಗೆ ಇದು ಬೇಕಾಗಿದ್ದುದು ಮುಖ್ಯವಾಗಿ ಒಂದು ಕೆಲಸಕ್ಕೆ: ಸ್ನೇಹಿತರೊಬ್ಬರು ಕೊಟ್ಟಿದ್ದ, ‘ಕೋಲಿಯೋಫೊರಾ’ ಎಂದು ಕುಲದ ಹೆಸರಷ್ಟೇ ಬರೆದು ಚೀಟಿ ಹಚ್ಚಿದ್ದ ಆರು ಪುಟ್ಟ ಪತಂಗಗಳು ಒಂದೇ ಪ್ರಭೇದದವೋ ಬೇರೆ ಬೇರೆಯವೋ ಎಂದು ನೋಡಬೇಕಿತ್ತು.

ಮೊದಲು ಪಟ್ಟಿನ ಲೆಕ್ಕ. ಸ್ಕೇಲು ಇಟ್ಟು ನೋಡಿದಾಗ, ಅತಿ ಹೆಚ್ಚಿನ ಹಿಗ್ಗಿಸುವಿಕೆಯಲ್ಲಿ 2 ಮಿಲಿಮೀಟರ್ ಅಗಲದ ಜಾಗ ನನ್ನ ಲ್ಯಾಪ್‌ಟಾಪಿನ 34 ಸೆಂಟಿಮೀಟರ್ ಪರದೆಯನ್ನು ತುಂಬಿತು. ಅಂದರೆ 170 ಪಟ್ಟು. ಚಿತ್ರದಲ್ಲಿರುವುದು 640 × 480 ಚುಕ್ಕೆಗಳಾದ್ದರಿಂದ, ಅದಕ್ಕಿಂತ ಹಿಗ್ಗಿಸಿದರೆ ಅವೇ ಚುಕ್ಕೆಗಳು ದಪ್ಪವಾಗುತ್ತವೆಯೇ ಹೊರತು ಹೊಸದೇನೂ ಕಾಣುವುದಿಲ್ಲ.

ಇಷ್ಟಾದರೂ ಹೊರಗಿನ ಲಕ್ಷಣಗಳನ್ನು ಉಪಕರಣ ಚೆನ್ನಾಗಿಯೇ ತೋರಿಸಿತು. ರೆಕ್ಕೆ ಬಿಚ್ಚಿದರೆ ಬಹುಮಟ್ಟಿಗೆ 10ರಿಂದ 15 ಮಿಲಿಮೀಟರ್ ಮಾತ್ರ ಅಗಲವಾಗುವ ಈ ಪತಂಗಗಳ ಹಿಂರೆಕ್ಕೆ ಕಿರಿದಾದ ಭಲ್ಲೆಯಂತಿದ್ದು, ಅದರ ಅಂಚಿನ ಕೂದಲ ಜಾಲರಿ ರೆಕ್ಕೆಗಿಂತಲೂ ಅಗಲವಾಗಿರುವುದು ಸ್ಪಷ್ಟವಾಗಿ ಕಂಡಿತು. ಎರಡು ಪತಂಗಗಳ ಕುಡಿಮೀಸೆಯ ಬುಡದಲ್ಲಿ ಹುರುಪೆಗಳ ಗೊಂಚಲಿತ್ತು, ಉಳಿದ ನಾಲ್ಕರಲ್ಲಿ ಇರಲಿಲ್ಲ. ಸ್ಟ್ಯಾಂಡು ಮಾತ್ರ ಹಗುರ. ಫ್ಯಾನು ಹಾಕಿದರೆ ಚಿತ್ರ ನಡುಗುತ್ತದೆ, ಹುರುಪೆಗಳು ಹಾರುತ್ತವೆ. ಕಲಬುರಗಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಫ್ಯಾನು ನಿಲ್ಲಿಸಿ ಪತಂಗ ನೋಡುವುದೆಂದರೇನೆಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಆದರೆ ಈ ಕುಲದಲ್ಲಿ ಹೊರಗಿನ ನೋಟದಿಂದ ಪ್ರಭೇದ ತೀರ್ಮಾನವಾಗುವುದು ಅಪರೂಪ. ಜರ್ಮನಿಯ ಕೀಟತಜ್ಞ ಹ್ಯೂಬ್ನರ್ 1822ರಲ್ಲಿ ಹೆಸರಿಟ್ಟ ಕೋಲಿಯೋಫೊರಾದಲ್ಲಿ ಈಗ 1,300ಕ್ಕೂ ಹೆಚ್ಚು ಪ್ರಭೇದಗಳಿದ್ದು, ಹಳದಿಗಂದು, ಬೂದು, ಬಿಳಿ ಗೆರೆಗಳ ಅವೇ ವೇಷಗಳು ಮತ್ತೆ ಮತ್ತೆ ಬರುತ್ತವೆ. ಇಷ್ಟು ದೊಡ್ಡ ಗುಂಪನ್ನು 1970ರ ದಶಕದಲ್ಲಿ ರುಮೇನಿಯಾದ ಕಪುಶೆ ಮತ್ತು ಸೋವಿಯತ್ ಒಕ್ಕೂಟದ ಫಾಲ್ಕೊವಿಚ್ ಹಲವಾರು ಸಣ್ಣ ಕುಲಗಳಾಗಿ ಒಡೆದರಾದರೂ, ಬಹುಪಾಲು ತಜ್ಞರು ಇಂದಿಗೂ ಒಂದೇ ಕುಲವನ್ನು ಇಟ್ಟುಕೊಂಡು ಅದರೊಳಗೆ ಪ್ರಭೇದಗುಂಪುಗಳನ್ನು ಮಾಡಿಕೊಳ್ಳುತ್ತಾರೆ. ಅದೇ ಸರಿಯೆಂದು ನನಗೂ ತೋರುತ್ತದೆ. ಚೀಟಿ ಬರೆಯುವವನಿಗೆ ಅದರಿಂದ ಉಪಕಾರವಂತೂ ಆಗಿದೆ.

ಪ್ರಭೇದ ಗುರುತಿಸಲು ಉದರವನ್ನು ಬಿಡಿಸಿ, ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬೆಚ್ಚಗೆ ಇಟ್ಟು, ಮಾಂಸ ಕರಗಿದ ಮೇಲೆ ಉಳಿಯುವ ಜನನಾಂಗದ ಗಟ್ಟಿ ಭಾಗಗಳನ್ನು ಗಾಜಿನ ಪಟ್ಟಿಯ ಮೇಲೆ ಹರಡಿ ನೋಡಬೇಕು. ಹಾಗೆ ನೋಡಲು ಬೆಳಕು ಕೆಳಗಿನಿಂದ ಹಾಯ್ದು ಬರಬೇಕು. ಈ ಉಪಕರಣದಲ್ಲಿರುವುದೋ ಮೇಲಿನಿಂದ ಬೀಳುವ 8 ಎಲ್‌ಇಡಿ ದೀಪಗಳು ಮಾತ್ರ. ಗಾಜಿನ ಪಟ್ಟಿ ಇಟ್ಟಾಗ ಆ ಎಂಟೂ ದೀಪಗಳ ಪ್ರತಿಬಿಂಬ ಕಂಡಿತು, ಜನನಾಂಗ ಕಾಣಲಿಲ್ಲ. ಕೊನೆಗೆ ಕಾಲೇಜಿನ ಹಳೆಯ ಸಂಯುಕ್ತ ಸೂಕ್ಷ್ಮದರ್ಶಕಕ್ಕೇ ಮರಳಬೇಕಾಯಿತು.

ಉಪಕರಣ ನಿಜಕ್ಕೂ ಬೆಲೆ ತೀರಿಸಿದ್ದು ಮರಿಹುಳುಗಳ ಗೂಡಿನ ವಿಷಯದಲ್ಲಿ. ಪತಂಗಗಳ ಜೊತೆಗೇ ಬಂದಿದ್ದ ಒಣಗಿದ ಎಲೆಯೊಂದರ ಮೇಲೆ, ಒಳತಿರುಳು ಖಾಲಿಯಾಗಿ ಬಿಳಿಚಿದ ಕಲೆಯೂ ಅದರ ನಡುವೆ ಸೂಜಿಯಿಂದ ಚುಚ್ಚಿದಷ್ಟು ದುಂಡಗಿನ ರಂಧ್ರವೂ ಕಂಡವು. ಎಲೆಚೂರು, ರೇಷ್ಮೆಗಳ ಕೊಳವೆಯನ್ನು ಹೊತ್ತು ತಿರುಗುವ ಕೋಲಿಯೋಫೊರಾ ಮರಿ, ಕೊಳವೆಯ ಬಾಯಿಯನ್ನು ಎಲೆಗೆ ಅಂಟಿಸಿ, ಆ ರಂಧ್ರದಿಂದ ಕತ್ತು ಚಾಚಿ, ಎರಡು ಪದರಗಳ ನಡುವಿನ ತಿರುಳನ್ನು ತಿನ್ನುತ್ತದೆ. ನಮ್ಮ ಬೇಲಿಯ ಜಾಲಿಗೆ ಜೋತುಬೀಳುವ ಚೀಲಹುಳುವಿನ ಗೂಡನ್ನೂ ಇದೆಂದು ವಿದ್ಯಾರ್ಥಿಗಳು ತರುತ್ತಾರೆ. ಅದು ಬೇರೆಯೇ ಕುಟುಂಬದ್ದು. ಎರಡನ್ನೂ ಪಕ್ಕಪಕ್ಕ ಪರದೆಗೆ ತಂದ ಮೇಲೆ ಆ ಗೊಂದಲ ಕಡಿಮೆಯಾಯಿತು.

ತೊಗರಿ ಹೂವಿನ ಮೇಲಿನ ಕಾಯಿಕೊರಕದ ಮೊಟ್ಟೆ ಅರ್ಧ ಮಿಲಿಮೀಟರಿನಷ್ಟಿದ್ದು, ಅದರ ಮೇಲಿನ ಏಣುಗಳನ್ನು ತೋರಿಸಲು ಇದು ಸಾಕು. ಶಾಲೆಗೆ, ಹೊಲದ ಕೆಲಸಕ್ಕೆ ಕೊಳ್ಳಬಹುದು. ಪ್ರಭೇದ ಗುರುತಿಸಲು ಬೇಡ. ಕೊಂಡವರು ಸ್ಟ್ಯಾಂಡಿನ ಬುಡಕ್ಕೆ ಚಪ್ಪಟೆ ಶಹಾಬಾದ್ ಕಲ್ಲಿನ ತುಂಡೊಂದನ್ನು ಅಂಟಿಸಿಕೊಳ್ಳಲಿ, ನಡುಕ ನಿಲ್ಲುತ್ತದೆ.